ಕಾರ್ಬ್ಯುರೇಟರ್ ಡುಕಾಟಿ 900 ಎಸ್‌ಎಸ್ ಸಾಕುವುದು ಹೇಗೆ: ಬೆಲ್ಟ್, ವಾಲ್ವ್, ಕ್ಲಚ್, ಸವಾರಿ

1991ರಿಂದ 1997ರವರೆಗೆ ಬೊಲೊನ್ಯಾದ ಬೊರ್ಗೊ ಪಾನಿಗಾಲೆ ಕಾರ್ಖಾನೆಯಲ್ಲಿ ತಯಾರಾದ ಡುಕಾಟಿ 900 ಎಸ್‌ಎಸ್, ಹಳೆಯ ಇಟಾಲಿಯನ್ ಸ್ಪೋರ್ಟ್ ಬೈಕುಗಳಲ್ಲಿ ಮನೆಯ ಗ್ಯಾರೇಜಿನಲ್ಲೇ ನೋಡಿಕೊಳ್ಳಬಹುದಾದ ಗಾಡಿ. 904 ಸಿಸಿ, 90 ಡಿಗ್ರಿ ಕೋನದಲ್ಲಿ ಎರಡು ಸಿಲಿಂಡರ್, ಒಂದೊಂದಕ್ಕೂ ಎರಡೇ ವಾಲ್ವ್. ಎಂಜಿನ್ ತಣಿಯುವುದು ಗಾಳಿ ಮತ್ತು ಆಯಿಲ್‌ನಿಂದ, ಆದ್ದರಿಂದ ರೇಡಿಯೇಟರ್ ಇಲ್ಲ. ಪೆಟ್ರೋಲ್ ಕೊಡುವುದು ಎರಡು ಮಿಕುನಿ ಕಾರ್ಬ್ಯುರೇಟರ್, ಆದ್ದರಿಂದ ಇಂಜೆಕ್ಷನ್ ಕಂಪ್ಯೂಟರ್ ಕೂಡ ಇಲ್ಲ. ಫೇರಿಂಗ್ ಬಿಚ್ಚಿ ಟ್ಯಾಂಕ್ ಎತ್ತಿದರೆ ಬಹುತೇಕ ಎಲ್ಲವೂ ಕಣ್ಣೆದುರಿಗೇ ಇರುತ್ತದೆ.

‘ಡುಕಾಟಿ ಅಂದರೆ ಬರೀ ರಿಪೇರಿ’ ಎಂಬ ಹೆಸರು ಈ ಗಾಡಿಗೂ ಅಂಟಿದೆ. ಅದರ ಮೂಲ ಹುಡುಕಿದರೆ ಹೆಚ್ಚಿನ ಸಲ ಸಿಗುವುದು ಒಂದೇ ಕಾರಣ: ಗಾಡಿ ಓಡಿದ್ದು ಕಡಿಮೆ, ನಿಂತಿದ್ದು ಹೆಚ್ಚು, ಮಾಲೀಕ ಕಿಲೋಮೀಟರ್ ನೋಡಿ ಸರ್ವಿಸ್ ಮುಂದೂಡಿದ. ವರ್ಷಕ್ಕೆ 1,000 ಕಿ.ಮೀ. ಓಡುವ ಗಾಡಿಯ ಬೆಲ್ಟು, ಬ್ರೇಕ್ ಆಯಿಲ್, ರಬ್ಬರ್ ಪೈಪು ಮತ್ತು ಟೈರುಗಳಿಗೂ ಅಷ್ಟೇ ವಯಸ್ಸಾಗುತ್ತದೆ. ಈ ಬೈಕಿಗೆ ಓಡೋಮೀಟರಿಗಿಂತ ಕ್ಯಾಲೆಂಡರ್ ಮುಖ್ಯ. ಕೆಳಗಿನ ಕೆಲಸಗಳನ್ನು ಇದೇ ಕ್ರಮದಲ್ಲಿ ಮಾಡಿ. ಕಾರ್ಬನ್ ಸೈಲೆನ್ಸರು, ಹೊಸ ಲಿವರು ಇತ್ಯಾದಿ ಆಮೇಲೆ.

ಭಾರತಕ್ಕೆ ತರುವ ಯೋಚನೆ ಇದ್ದವರಿಗೆ ಒಂದು ಮಾತು. 3 ವರ್ಷ ದಾಟಿದ ಸೆಕೆಂಡ್ ಹ್ಯಾಂಡ್ ವಾಹನವನ್ನು ಆಮದು ಮಾಡಿಕೊಳ್ಳಲು ಸಾಮಾನ್ಯವಾಗಿ ಅವಕಾಶವಿಲ್ಲ. ಹಾಗಾಗಿ ಇದು ಹೆಚ್ಚಾಗಿ ಬ್ರಿಟನ್, ಜರ್ಮನಿ, ಅಮೆರಿಕ, ಆಸ್ಟ್ರೇಲಿಯಾಗಳಲ್ಲಿರುವ ಕನ್ನಡಿಗರ ಕೈಗೆ ಸಿಗುವ ಗಾಡಿ. ಬೆಂಗಳೂರಿನಲ್ಲಿ ಮಾನ್‌ಸ್ಟರ್ 795 ಇಟ್ಟುಕೊಂಡವರಿಗೆ ಬೆಲ್ಟ್ ಮತ್ತು ವಾಲ್ವ್ ಕುರಿತ ತಿಳಿವಳಿಕೆ ಬಹುಪಾಲು ಅನ್ವಯಿಸುತ್ತದೆ, ಏಕೆಂದರೆ ಅದೂ ಇದೇ ವಂಶದ ಎರಡು ವಾಲ್ವ್ ಎಂಜಿನ್. ಆದರೆ ಅದರಲ್ಲಿ ಇರುವುದು ಫ್ಯೂಯಲ್ ಇಂಜೆಕ್ಷನ್ ಮತ್ತು ಆಯಿಲ್‌ನಲ್ಲಿ ಮುಳುಗಿದ ಕ್ಲಚ್. ಅವೆರಡರ ಬಗ್ಗೆ ಇಲ್ಲಿರುವುದನ್ನು ಅದಕ್ಕೆ ಹಚ್ಚಬೇಡಿ.

ಕೊಳ್ಳುವ ಮೊದಲು ನೋಡಬೇಕಾದ್ದು

ಟಾರ್ಚ್, ಒಂದು ಒಣ ಬಟ್ಟೆ ಮತ್ತು ಮಲ್ಟಿಮೀಟರ್ ಜೊತೆಗಿರಲಿ.

ಮೊದಲು ಫ್ರೇಮ್. ಸ್ಟಿಯರಿಂಗ್ ಹೆಡ್ ಸುತ್ತ ಪೈಪುಗಳು ಸೇರುವ ವೆಲ್ಡಿಂಗ್ ಜಾಗದಲ್ಲಿ, ಮುಖ್ಯವಾಗಿ ಆರಂಭದ ವರ್ಷಗಳ ಗಾಡಿಗಳಲ್ಲಿ, ಕೂದಲೆಳೆಯಂಥ ಬಿರುಕು ಕಾಣಿಸಿಕೊಳ್ಳುತ್ತದೆ. ಬಣ್ಣದ ಮೇಲೆ ತುಕ್ಕಿನ ಸಣ್ಣ ಗೆರೆ ಕಂಡರೆ ಅದನ್ನು ಗೀರು ಅಂದುಕೊಳ್ಳಬೇಡಿ. ಆಮೇಲೆ ಅಲ್ಯೂಮಿನಿಯಂ ಸ್ವಿಂಗ್ ಆರ್ಮ್. ಹಿಂದಿನ ಆಕ್ಸಲ್ ಕೂರುವ, ಚೈನ್ ಅಡ್ಜಸ್ಟರ್ ಇರುವ ತುದಿಯನ್ನು ಒರೆಸಿ, ಟಾರ್ಚನ್ನು ಅಡ್ಡಲಾಗಿ ಹಿಡಿದು ನೋಡಿ. ಬಿರುಕು ಬಿಡುವುದು ಅಲ್ಲೇ, ಚೈನನ್ನು ಅತಿಯಾಗಿ ಬಿಗಿ ಮಾಡಿ ಓಡಿಸಿದ ಗಾಡಿಯಲ್ಲಿ ಇನ್ನೂ ಬೇಗ.

ಎಂಜಿನ್‌ನಲ್ಲಿ ನೋಡಬೇಕಾದ್ದು ಸಿಲಿಂಡರಿನ ಬುಡ. ಸಿಲಿಂಡರ್ ಮತ್ತು ಹೆಡ್ಡನ್ನು ಕ್ರ್ಯಾಂಕ್‌ಕೇಸಿಗೆ ಬಿಗಿಯುವ ಉದ್ದನೆಯ ಸ್ಟಡ್‌ಗಳು ಈ ಸರಣಿಯ, ಅದರಲ್ಲೂ ಮೊದಲ ವರ್ಷಗಳ ಗಾಡಿಗಳ ದುರ್ಬಲ ಜಾಗ. ನೀರು ನಿಂತು ತುಕ್ಕು ಕಚ್ಚಿ, ಬಿಸಿ-ತಂಪಿನ ಎಳೆದಾಟದಲ್ಲಿ ಒಂದು ದಿನ ತುಂಡಾಗುತ್ತವೆ. ಸಿಲಿಂಡರ್ ಬುಡದಲ್ಲಿ ಹೊಸ ಆಯಿಲ್ ಜಿನುಗು, ಹೆಡ್ಡಿನ ಮೇಲೆ ಕೈಯಲ್ಲೇ ತಿರುಗುವ ನಟ್ಟು, ಇವೆರಡೂ ಸ್ಟಡ್ ಮುರಿದಿರುವ ಲಕ್ಷಣ. ಮುರಿದ ತುಂಡನ್ನು ಕೇಸಿನಿಂದ ತೆಗೆಯುವುದು ಬಿಸಿ ಕೊಟ್ಟು ಮಾಡುವ ವರ್ಕ್‌ಶಾಪ್ ಕೆಲಸ. ಆ ಖರ್ಚನ್ನು ಲೆಕ್ಕಕ್ಕೆ ಹಿಡಿದೇ ಬೆಲೆ ಮಾತಾಡಿ.

ಮಾರುವವರನ್ನು ಕೇಳಲೇಬೇಕಾದ ಪ್ರಶ್ನೆ ಒಂದು: ಬೆಲ್ಟ್ ಯಾವಾಗ ಹಾಕಿದ್ದು? ತಾರೀಕು ಮತ್ತು ಬಿಲ್ಲು ಎರಡೂ ಇಲ್ಲದಿದ್ದರೆ ಬೆಲ್ಟ್ ಹಳೆಯದೆಂದೇ ತಿಳಿಯಿರಿ. ಅಂಥ ಗಾಡಿಯನ್ನು ಓಡಿಸಿಕೊಂಡು ಮನೆಗೆ ತರಬೇಡಿ, ವ್ಯಾನಿನಲ್ಲಿ ತನ್ನಿ.

ಮೊದಲ ಕೆಲಸ: ಟೈಮಿಂಗ್ ಬೆಲ್ಟ್

ಎರಡು ರಬ್ಬರ್ ಬೆಲ್ಟುಗಳು, ಸಿಲಿಂಡರಿಗೊಂದು, ವಾಲ್ವ್‌ಗಳನ್ನು ತೆರೆದು ಮುಚ್ಚಿಸುವ ಕ್ಯಾಮ್‌ಗಳನ್ನು ತಿರುಗಿಸುತ್ತವೆ. ಒಂದು ಹರಿದರೂ, ನಾಲ್ಕು ಹಲ್ಲು ಜಾರಿದರೂ, ವಾಲ್ವ್ ಪಿಸ್ಟನ್‌ಗೆ ಬಡಿದು ಬಗ್ಗುತ್ತದೆ. 20,000 ಕಿ.ಮೀ. ಅಥವಾ 2 ವರ್ಷ, ಯಾವುದು ಮೊದಲೋ ಆಗ ಬದಲಿಸಿ. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಬೆಲ್ಟು ಸಣ್ಣ ಪುಲ್ಲಿಯ ಸುತ್ತ ಅದೇ ಬಾಗಿನಲ್ಲಿ ಗಟ್ಟಿಯಾಗಿ ಕೂರುತ್ತದೆ. ಹೊರಗಿನಿಂದ ನೋಡಿದರೆ ಹೊಸದರಂತೆಯೇ ಇರುತ್ತದೆ, ಒಳಗಿನ ನಾರು ಸೋತಿರುತ್ತದೆ. ಬೆಲ್ಟಿನ ಬೆಲೆ ಒಂದು ಹೆಡ್ ರಿಪೇರಿಯ ಖರ್ಚಿನ ಮುಂದೆ ಏನೂ ಅಲ್ಲ.

ಎಂಜಿನ್ ಪೂರ್ತಿ ತಣ್ಣಗಿರುವಾಗ ಹೀಗೆ ಮಾಡಿ:

1. ಹಿಂದಿನ ಚಕ್ರವನ್ನು ಪ್ಯಾಡಾಕ್ ಸ್ಟ್ಯಾಂಡ್ ಮೇಲೆ ಎತ್ತಿ. ಎರಡೂ ಸ್ಪಾರ್ಕ್ ಪ್ಲಗ್ ತೆಗೆಯಿರಿ. ಆರನೇ ಗೇರ್ ಹಾಕಿ. ಈಗ ಹಿಂದಿನ ಚಕ್ರವನ್ನು ಗಾಡಿ ಓಡುವ ದಿಕ್ಕಿಗೇ ಕೈಯಿಂದ ತಿರುಗಿಸಿದರೆ ಎಂಜಿನ್ ನಿಧಾನವಾಗಿ ತಿರುಗುತ್ತದೆ. ಸ್ಟಾರ್ಟರ್ ಮುಟ್ಟಬೇಡಿ.

2. ಬಲಬದಿಯ ಬೆಲ್ಟ್ ಕವರುಗಳನ್ನು ತೆಗೆಯಿರಿ. ಕೆಳಗಿನ ಡ್ರೈವ್ ಪುಲ್ಲಿಯ ಗುರುತು ಕೇಸಿನ ಗುರುತಿಗೆ, ಎರಡೂ ಕ್ಯಾಮ್ ಪುಲ್ಲಿಗಳ ಗುರುತು ತಮ್ಮ ತಮ್ಮ ಹೆಡ್ಡಿನ ಬಳಿಯ ಗುರುತಿಗೆ ಸೇರುವವರೆಗೆ ಚಕ್ರ ತಿರುಗಿಸಿ. ಮೂರೂ ಒಟ್ಟಿಗೆ ಸೇರಬೇಕು. ಡ್ರೈವ್ ಪುಲ್ಲಿ ಸೇರಿ ಕ್ಯಾಮ್ ಪುಲ್ಲಿ ಒಂದು ಹಲ್ಲು ಆಚೀಚೆ ಇದ್ದರೆ, ಹಿಂದೆ ಹಾಕಿದವರು ತಪ್ಪಿದ್ದಾರೆ ಎಂದರ್ಥ. ಅದನ್ನೇ ನಕಲು ಮಾಡದೆ ಕೈಪಿಡಿಯಂತೆ ಸರಿಪಡಿಸಿ.

3. ಬೆಲ್ಟು ಬಿಚ್ಚುವ ಮೊದಲು ಬಿಳಿ ಪೇಂಟಿನಲ್ಲಿ ಪುಲ್ಲಿಗೂ ಬೆಲ್ಟಿಗೂ ಗುರುತು ಹಾಕಿ, ಫೋಟೋ ತೆಗೆಯಿರಿ. ಈ ಗುರುತುಗಳ ನಡುವಿನ ಹಲ್ಲುಗಳನ್ನು ಎಣಿಸಿ ಹೊಸ ಬೆಲ್ಟಿನ ಮೇಲೂ ಅಷ್ಟೇ ಅಂತರಕ್ಕೆ ಗುರುತಿಡಿ.

4. ಜರುಗುವ ಟೆನ್ಷನರಿನ ಬೋಲ್ಟ್ ಸಡಿಲಿಸಿ ಬೆಲ್ಟು ತೆಗೆಯಿರಿ. ಬೆಲ್ಟು ಬಿಟ್ಟ ಕೂಡಲೇ ಕ್ಯಾಮ್ ಪುಲ್ಲಿ ತಾನಾಗಿ ಸ್ವಲ್ಪ ತಿರುಗಬಹುದು. ಗಾಬರಿ ಬೇಡ, ನಿಧಾನವಾಗಿ ಗುರುತಿಗೆ ತಂದು ಹಿಡಿದರೆ ಸಾಕು. ಎಲ್ಲಾದರೂ ತಡೆದಂತಾದರೆ ಬಲ ಹಾಕಬೇಡಿ, ವಾಲ್ವ್ ಪಿಸ್ಟನ್‌ಗೆ ತಾಗಿರಬಹುದು.

5. ಟೆನ್ಷನರ್ ಮತ್ತು ಐಡ್ಲರ್ ಬೇರಿಂಗುಗಳನ್ನು ಬೆರಳಿನಿಂದ ತಿರುಗಿಸಿ. ಗರಗರ ಅಂದರೂ, ಗ್ರೀಸ್ ಒಣಗಿ ಬಿಡುಬೀಸಾಗಿ ಸುತ್ತಿದರೂ ಬದಲಿಸಿ. ಕ್ಯಾಮ್ ಸೀಲಿನಿಂದ ಆಯಿಲ್ ಒಸರಿ ಪುಲ್ಲಿಯ ಹಿಂದೆ ಒದ್ದೆಯಾಗಿದ್ದರೆ ಸೀಲ್ ಹಾಕದೆ ಹೊಸ ಬೆಲ್ಟ್ ಹಾಕಬೇಡಿ. ಆಯಿಲ್ ತಾಗಿದ ಬೆಲ್ಟು ಬಾಳುವುದಿಲ್ಲ.

6. ಹೊಸ ಬೆಲ್ಟನ್ನು ಮಡಚಬೇಡಿ, ತಿರುಚಬೇಡಿ, ಸ್ಕ್ರೂಡ್ರೈವರಿನಿಂದ ಮೀಟಿ ಏರಿಸಬೇಡಿ. ಟೆನ್ಷನರ್ ಇಲ್ಲದ ಬದಿಯನ್ನು ಮೊದಲು ಬಿಗಿಯಾಗಿ ಕೂರಿಸಿ, ಸಡಿಲ ಉಳಿಯುವುದಾದರೆ ಟೆನ್ಷನರ್ ಬದಿಗೆ ಉಳಿಯಲಿ.

7. ಬಿಗಿತಕ್ಕೆ ಅಲನ್ ಕೀ ಸಾಕು. ಬೆಲ್ಟು ಮತ್ತು ಜರುಗದ ಐಡ್ಲರ್ ಪುಲ್ಲಿಯ ನಡುವೆ 5 ಮಿ.ಮೀ. ಕೀ ಉಜ್ಜಿಕೊಂಡು ಹೋಗಬೇಕು, 6 ಮಿ.ಮೀ. ಕೀ ಹೋಗಬಾರದು. ಮೊಬೈಲಿನ ಗಿಟಾರ್ ಟ್ಯೂನರ್ ಆ್ಯಪ್ ಬಳಸುವವರು ಬೆಲ್ಟಿನ ಉದ್ದನೆಯ ಭಾಗವನ್ನು ಮೀಟಿ ಸುಮಾರು 110 ಹರ್ಟ್ಸ್‌ಗೆ ತರುತ್ತಾರೆ. ಬಿಗಿ ಹೆಚ್ಚಾದರೆ ಬೇರಿಂಗ್ ಸವೆಯುತ್ತದೆ, ಕಡಿಮೆಯಾದರೆ ಹಲ್ಲು ಜಾರುತ್ತದೆ.

8. ಗುರುತುಗಳು ಮತ್ತೆ ಸೇರುವಂತೆ, ಎಂಜಿನ್ ಎರಡು ಪೂರ್ಣ ಸುತ್ತು ತಿರುಗುವವರೆಗೆ ಚಕ್ರ ತಿರುಗಿಸಿ. ಮೂರೂ ಗುರುತು ಸೇರಿದವೇ, ಬಿಗಿತ ಹಾಗೇ ಇದೆಯೇ ಎಂದು ನೋಡಿದ ಮೇಲೆಯೇ ಕವರ್ ಹಾಕಿ. ಹೊಸ ಬೆಲ್ಟು ಮೊದಲ 1,000 ಕಿ.ಮೀ.ಯಲ್ಲಿ ಸ್ವಲ್ಪ ಸಡಿಲವಾಗುತ್ತದೆ, ಆಗ ಇನ್ನೊಮ್ಮೆ ಬಿಗಿತ ನೋಡಿ. ಹಾಕಿದ ತಾರೀಕನ್ನು ಕವರಿನ ಒಳಬದಿಗೆ ಬರೆದಿಡಿ.

ಡೆಸ್ಮೊ ವಾಲ್ವ್: ಹೆದರಬೇಕಿಲ್ಲ, ಅವಸರ ಮಾಡಬಾರದು

ಬೇರೆ ಬೈಕುಗಳಲ್ಲಿ ವಾಲ್ವ್ ಮುಚ್ಚುವುದು ಸ್ಪ್ರಿಂಗ್. ಇಲ್ಲಿ ತೆರೆಯಲು ಒಂದು ರಾಕರ್ (ಕ್ಯಾಮ್ ಆಡಿಸುವ ಸಣ್ಣ ತೋಳು), ಮುಚ್ಚಲು ಇನ್ನೊಂದು ರಾಕರ್. ಎಂಜಿನಿಯರ್ ಫಾಬಿಯೊ ತಾಲ್ಯೋನಿ ಡುಕಾಟಿಗೆ ತಂದುಕೊಟ್ಟ ಈ ಡೆಸ್ಮೊ ವ್ಯವಸ್ಥೆಯಲ್ಲಿ ಒಂದೊಂದು ವಾಲ್ವಿಗೂ ಎರಡು ಅಳತೆ ಇರುತ್ತವೆ. ನಾಲ್ಕು ವಾಲ್ವಿಗೆ ಎಂಟು ಅಳತೆ. 10,000 ಕಿ.ಮೀ.ಗೊಮ್ಮೆ ನೋಡಬೇಕು.

ಮೇಲೆ, ವಾಲ್ವ್ ಕಾಂಡದ ತುದಿಗೆ ಟೋಪಿಯಂತೆ ಕೂರುವುದು ಓಪನಿಂಗ್ ಶಿಮ್, ಅಂದರೆ ಅಂತರ ಹೊಂದಿಸುವ ಲೋಹದ ಬಿಲ್ಲೆ. ಅದರ ಕೆಳಗೆ ಕಾಂಡದ ಕೊರಕಲಿನಲ್ಲಿ ಎರಡು ಅರ್ಧ ಉಂಗುರಗಳು. ಅವುಗಳ ಕೆಳಗೆ ಕ್ಲೋಸಿಂಗ್ ಶಿಮ್. ಮುಚ್ಚುವ ರಾಕರಿನ ಕವಲು ಈ ಕೆಳಗಿನ ಶಿಮ್ಮನ್ನು ಮೇಲಕ್ಕೆ ಎತ್ತಿ ವಾಲ್ವ್ ಮುಚ್ಚುತ್ತದೆ. ಎಂಜಿನ್ ತಣ್ಣಗಿರುವಾಗ ಕೂರಿಸಬೇಕಾದ ಅಂತರಗಳು: ಇನ್‌ಟೇಕ್ ಓಪನಿಂಗ್ 0.10–0.12 ಮಿ.ಮೀ., ಎಕ್ಸಾಸ್ಟ್ ಓಪನಿಂಗ್ 0.12–0.15 ಮಿ.ಮೀ., ಕ್ಲೋಸಿಂಗ್ ಎಲ್ಲದಕ್ಕೂ 0.03–0.05 ಮಿ.ಮೀ. ನಿಮ್ಮ ಗಾಡಿಯ ವರ್ಷದ ಕೈಪಿಡಿ ಬೇರೆ ಅಂಕಿ ಹೇಳಿದರೆ ಕೈಪಿಡಿಯದೇ ಅಂತಿಮ.

ಅಳೆಯುವ ಸಿಲಿಂಡರನ್ನು ಕಂಪ್ರೆಷನ್ ಟಿಡಿಸಿಗೆ ತನ್ನಿ. ಎರಡೂ ವಾಲ್ವ್ ಮುಚ್ಚಿರಬೇಕು, ಪಿಸ್ಟನ್ ತುತ್ತತುದಿಯಲ್ಲಿರಬೇಕು. ಓಪನಿಂಗ್ ರಾಕರ್ ಮತ್ತು ಮೇಲಿನ ಶಿಮ್ ನಡುವೆ ಫೀಲರ್ ಗೇಜ್ (ಅಳತೆಯ ತೆಳು ಬ್ಲೇಡ್) ತೂರಿಸಿ ಮೊದಲ ಅಂಕಿ ಬರೆದುಕೊಳ್ಳಿ, ಉದಾಹರಣೆಗೆ 0.10. ಈಗ ಸ್ಕ್ರೂಡ್ರೈವರಿನಿಂದ ಮುಚ್ಚುವ ರಾಕರನ್ನು ಅದರ ಸಣ್ಣ ಸಹಾಯಕ ಸ್ಪ್ರಿಂಗಿನ ವಿರುದ್ಧ ಕೆಳಕ್ಕೆ ಒತ್ತಿ ಹಿಡಿದು, ಅದೇ ಜಾಗದಲ್ಲಿ ಹೆಚ್ಚು ದಪ್ಪದ ಗೇಜ್ ಹೋಗುವುದೇ ನೋಡಿ. 0.14 ಹೋಯಿತು ಅನ್ನಿ. ಎರಡರ ವ್ಯತ್ಯಾಸ 0.04, ಅದೇ ಕ್ಲೋಸಿಂಗ್ ಅಂತರ. 0.03 ಮಿ.ಮೀ. ಬ್ಲೇಡ್ ಇರುವ ಗೇಜ್ ಸೆಟ್ಟು ಬೇಕೇ ಬೇಕು.

ಅಂಕಿಗಳು ಹೇಗೆ ಬದಲಾಗಿವೆ ಎಂಬುದರಲ್ಲೇ ಕಾರಣ ಇರುತ್ತದೆ. ವಾಲ್ವ್ ತನ್ನ ಸೀಟಿನೊಳಗೆ ಸವೆದು ಇಳಿದರೆ ಕಾಂಡ ಮೇಲಕ್ಕೆ ಬರುತ್ತದೆ: ಓಪನಿಂಗ್ ಕಡಿಮೆಯಾಗುತ್ತದೆ, ಕ್ಲೋಸಿಂಗ್ ಹೆಚ್ಚುತ್ತದೆ. ಓಪನಿಂಗ್ ಹಾಗೇ ಇದ್ದು ಕ್ಲೋಸಿಂಗ್ ಮಾತ್ರ ಹೆಚ್ಚಿದರೆ ಅರ್ಧ ಉಂಗುರಗಳು ಅಮುಕಿ ಚಪ್ಪಟೆಯಾಗಿವೆ. ಈ ಎಂಜಿನ್ನಿನಲ್ಲಿ ಎರಡನೆಯದೇ ಹೆಚ್ಚು ಕಾಣುವುದು. ಪ್ರತಿ ಸಲ ಬಿಚ್ಚಿದಾಗ ಹೊಸ ಅರ್ಧ ಉಂಗುರ ಹಾಕುವುದು ಒಳ್ಳೆಯದು. ಹಾಕಿದ ಮೇಲೆ ಎಂಜಿನನ್ನು ಕೆಲವು ಸುತ್ತು ತಿರುಗಿಸಿ ಕೂರಲು ಬಿಟ್ಟು ಮತ್ತೆ ಅಳೆಯಿರಿ, ಮೊದಲ ಅಳತೆಯನ್ನು ನಂಬಬೇಡಿ.

ಅತಿ ಎಚ್ಚರ ಬೇಕಾದ್ದು ಅರ್ಧ ಉಂಗುರ ತೆಗೆಯುವಾಗ. ಮೊದಲು ಹೆಡ್ಡಿನೊಳಗೆ ಆಯಿಲ್ ಕೆಳಗಿಳಿಯುವ ತೂತುಗಳಿಗೆ ನೂಲು ಬಿಡದ ಬಟ್ಟೆ ತುರುಕಿ. ಅಕ್ಕಿಕಾಳಿಗಿಂತ ತೆಳ್ಳಗಿನ ಆ ತಂತಿಯ ತುಣುಕು ಕೈಜಾರಿ ಆ ತೂತಿಗೆ ಬಿದ್ದರೆ ಹುಡುಕಲು ಎಂಜಿನ್ನೇ ಬಿಚ್ಚಬೇಕಾಗಬಹುದು. ಓಪನಿಂಗ್ ರಾಕರನ್ನು ಪಕ್ಕಕ್ಕೆ ಸರಿಸಿ, ಮೇಲಿನ ಶಿಮ್ ತೆಗೆದು, ಕ್ಲೋಸಿಂಗ್ ಶಿಮ್ಮನ್ನು ಕೆಳಕ್ಕೆ ತಳ್ಳಿದರೆ ಉಂಗುರಗಳು ಕಾಣುತ್ತವೆ. ಉಂಗುರ ತೆಗೆದ ಮೇಲೆ ವಾಲ್ವನ್ನು ಹಿಡಿಯುವುದು ಏನೂ ಇಲ್ಲ, ಅದು ಕೆಳಗೆ ಜಾರುತ್ತದೆ. ಪಿಸ್ಟನ್ ಟಿಡಿಸಿಯಲ್ಲಿದ್ದರೆ ಪಿಸ್ಟನ್ ಮೇಲೆ ಕೂತು ನಿಲ್ಲುತ್ತದೆ. ಆದ್ದರಿಂದ ಈ ಹಂತದಲ್ಲಿ ಹಿಂದಿನ ಚಕ್ರವನ್ನು ಯಾರೂ ಮುಟ್ಟಬಾರದು. ವಾಪಸು ಹಾಕುವಾಗ ಉಂಗುರಕ್ಕೆ ಸ್ವಲ್ಪ ಗ್ರೀಸ್ ಸವರಿ, ಅದು ಕೊರಕಲಿನಲ್ಲೇ ಅಂಟಿ ನಿಲ್ಲುತ್ತದೆ.

ಕ್ಲೋಸಿಂಗ್ ಅಂತರ ಹೆಚ್ಚಿದ್ದರೆ ದಪ್ಪ ಶಿಮ್ ಬೇಕು, ಕಡಿಮೆಯಿದ್ದರೆ ತೆಳು ಶಿಮ್. ಓಪನಿಂಗ್‌ಗೂ ಅದೇ ಲೆಕ್ಕ. ಒಂದು ಸೈಜು ದಪ್ಪದ ಶಿಮ್ ತರಿಸಿ, ಗಾಜಿನ ತಟ್ಟೆಯ ಮೇಲೆ ವಾಟರ್ ಪೇಪರ್ ಇಟ್ಟು ಆಯಿಲ್ ಹಾಕಿ ಎಂಟರ ಆಕಾರದಲ್ಲಿ ಉಜ್ಜಿ ಬೇಕಾದ ಅಳತೆಗೆ ತರಬಹುದು. ಮೈಕ್ರೋಮೀಟರಿನಲ್ಲಿ ಆಗಾಗ ಅಳೆಯಿರಿ, ಒಂದು ಬದಿ ಹೆಚ್ಚು ಸವೆಯದಂತೆ ನೋಡಿಕೊಳ್ಳಿ. ಹೆಡ್ ತೆರೆದಿರುವಾಗಲೇ ರಾಕರುಗಳ ಉಜ್ಜುವ ಮುಖ ನೋಡಿ. ಕ್ರೋಮ್ ಸಿಪ್ಪೆ ಎದ್ದಿದ್ದರೆ ಆ ಪುಡಿ ಆಯಿಲ್ ಜೊತೆ ಎಂಜಿನ್ನೆಲ್ಲ ಸುತ್ತುತ್ತದೆ. ಅಂಥ ರಾಕರನ್ನು ಮುಂದಿನ ಸರ್ವಿಸಿಗೆ ಮುಂದೂಡಬೇಡಿ.

ಆಯಿಲ್

ಫಿಲ್ಟರ್ ಸೇರಿ ಸುಮಾರು 3.5 ಲೀಟರ್. ತಂಪು ಊರಿಗೆ 10ಡಬ್ಲ್ಯು-40, ಬಿಸಿಲು ನಾಡಿಗೆ 20ಡಬ್ಲ್ಯು-50. ಕಾರ್ಖಾನೆಯ ಲೆಕ್ಕ 10,000 ಕಿ.ಮೀ. ಇದ್ದರೂ 5,000ಕ್ಕೆ ಬದಲಿಸುವುದು ಲೇಸು, ಕಡಿಮೆ ಓಡಿದರೆ ವರ್ಷಕ್ಕೊಮ್ಮೆ. ಬಿಸಿ ಎಂಜಿನ್ನಿನಿಂದ ಇಳಿಸಿ. ಡ್ರೈನ್ ಪ್ಲಗ್ಗಿನ ಅಯಸ್ಕಾಂತಕ್ಕೆ ಬೂದು ಬಣ್ಣದ ನುಣುಪು ಪೇಸ್ಟ್ ಅಂಟಿರುವುದು ಸಹಜ, ಬೆರಳಿಗೆ ಚುಚ್ಚುವ ಚೂರು ಸಹಜವಲ್ಲ. ಸಂಪಿನ ಜಾಲರಿ ಫಿಲ್ಟರನ್ನೂ ತೆಗೆದು ಪೆಟ್ರೋಲಿನಲ್ಲಿ ತೊಳೆಯಿರಿ, ಬಹಳ ಜನ ಇದನ್ನು ಬಿಡುತ್ತಾರೆ. ಆಯಿಲ್ ಮಟ್ಟವನ್ನು ಬಲಬದಿಯ ಗಾಜಿನ ಕಿಟಕಿಯಲ್ಲಿ, ಗಾಡಿಯನ್ನು ನೆಟ್ಟಗೆ ನಿಲ್ಲಿಸಿ ನೋಡಬೇಕು.

ಕಾರ್ಬ್ಯುರೇಟರ್ ಮತ್ತು ಪೆಟ್ರೋಲ್ ಟ್ಯಾಂಕ್

ನಿಂತ ಗಾಡಿಯಲ್ಲಿ ಮೊದಲು ಕಟ್ಟಿಕೊಳ್ಳುವುದು ಪೈಲಟ್ ಜೆಟ್, ಅಂದರೆ ಕಡಿಮೆ ಥ್ರಾಟಲ್‌ನಲ್ಲಿ ಪೆಟ್ರೋಲ್ ಬಿಡುವ ಸಣ್ಣ ತೂತಿನ ಭಾಗ. ಚೋಕ್ ಎಳೆದರೆ ಮಾತ್ರ ಓಡುತ್ತದೆ, ಬಿಟ್ಟರೆ ಆಫ್ ಆಗುತ್ತದೆ ಅಂದರೆ ಅದೇ. ಕಾರ್ಬ್ ಇಳಿಸಿ, ಜೆಟ್ಟನ್ನು ಕ್ಲೀನರ್ ಮತ್ತು ಗಾಳಿಯಿಂದ ಶುಚಿ ಮಾಡಿ. ತಂತಿ ತೂರಿಸಿದರೆ ತೂತು ದೊಡ್ಡದಾಗುತ್ತದೆ. ಸ್ಲೈಡಿನ ರಬ್ಬರ್ ಡಯಾಫ್ರಮ್ಮನ್ನು ಬೆಳಕಿಗೆ ಹಿಡಿದು ನೋಡಿ, ಸೂಜಿಮೊನೆಯಷ್ಟು ತೂತಿದ್ದರೂ ಆ ಸಿಲಿಂಡರ್ ಎಳೆಯುವುದಿಲ್ಲ. ಎಂಜಿನ್ ಬಿಸಿಯಾದ ಮೇಲೆ ವ್ಯಾಕ್ಯೂಮ್ ಗೇಜಿನಿಂದ ಎರಡೂ ಕಾರ್ಬುಗಳನ್ನು ಸಮ ಮಾಡಿ. ಈ ಎಂಜಿನ್ನಿನ ನಡುಕ ಮತ್ತು ಕಡಿಮೆ ಆರ್‌ಪಿಎಂನ ಜಗ್ಗಾಟದಲ್ಲಿ ದೊಡ್ಡ ಪಾಲು ಸಮ ಇಲ್ಲದ ಕಾರ್ಬಿನದು. ವಾಲ್ವ್ ಸರಿಯಾದ ಮೇಲೆಯೇ ಕಾರ್ಬ್ ಮುಟ್ಟಬೇಕು, ಉಲ್ಟಾ ಮಾಡಿದರೆ ಎರಡು ಸಲ ಕೆಲಸ.

ಬ್ರಿಟನ್, ಜರ್ಮನಿಯ ಚಳಿಯಲ್ಲಿ ಇನ್ನೊಂದು ತೊಂದರೆ ಎದುರಾಗುತ್ತದೆ. 0ರಿಂದ 10 ಡಿಗ್ರಿಯ ತೇವದ ಗಾಳಿಯಲ್ಲಿ ಹೆದ್ದಾರಿಯಲ್ಲಿ ಒಂದೇ ಸಮನೆ ಓಡಿಸಿದರೆ ಕಾರ್ಬಿನೊಳಗೆ ಮಂಜುಗಡ್ಡೆ ಕಟ್ಟಿ ಎಂಜಿನ್ ಸೊರಗುತ್ತದೆ. ಐದು ನಿಮಿಷ ನಿಲ್ಲಿಸಿದರೆ ಎಂಜಿನ್ನಿನ ಶಾಖಕ್ಕೆ ಕರಗಿ ಮತ್ತೆ ಸರಿಹೋಗುತ್ತದೆ. ಮೆಕ್ಯಾನಿಕ್ ಬಳಿ ಹೋಗುವ ಹೊತ್ತಿಗೆ ಕಾಯಿಲೆಯೇ ಇರುವುದಿಲ್ಲವಾದ್ದರಿಂದ ಪ್ಲಗ್ಗು, ಕಾಯಿಲ್ಲು ಅಂತ ದುಡ್ಡು ಸುರಿಯುವವರಿದ್ದಾರೆ. ಬಿಸಿ ಆಯಿಲ್ ಹರಿಸುವ ಕಾರ್ಬ್ ಹೀಟರ್ ಕಿಟ್ ಇದಕ್ಕೆ ಸರಿಯಾದ ಮದ್ದು.

ಟ್ಯಾಂಕಿನ ಮುಚ್ಚಳದ ಸುತ್ತಲಿನ ನೀರು ಒಂದು ಸಣ್ಣ ಕೊಳವೆಯಲ್ಲಿ ಕೆಳಗಿಳಿಯಬೇಕು. ಅದು ಕಟ್ಟಿಕೊಂಡರೆ ಮಳೆನೀರು ಪೆಟ್ರೋಲಿಗೇ ಸೇರುತ್ತದೆ, ಉಕ್ಕಿನ ಟ್ಯಾಂಕ್ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಸೈಕಲ್ ಬ್ರೇಕ್ ಕೇಬಲ್ಲಿನ ಎಳೆಯಿಂದ ಅದನ್ನು ಬಿಡಿಸಬಹುದು. ಎಥೆನಾಲ್ ನೀರು ಹೀರುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರಿನಿಂದ ಮಾಮೂಲಿ ಪೆಟ್ರೋಲೇ ಇ10, ಅಂದರೆ ಶೇ. 10ರವರೆಗೆ ಎಥೆನಾಲ್ ಬೆರೆತದ್ದು. ಈ ಗಾಡಿಗೆ ಸೂಪರ್ ಗ್ರೇಡಿನ ಇ5 ಹಾಕಿ. ಟ್ಯಾಂಕಿನ ಒಳಗಿರುವ ಪೈಪನ್ನು ಪೆಟ್ರೋಲಿನಲ್ಲಿ ಮುಳುಗಿರಲು ತಕ್ಕ ದರ್ಜೆಯದಕ್ಕೆ ಬದಲಿಸಿ. ಹೊರಗೆ ಬಳಸುವ ಪೈಪು ಒಳಗೆ ಹಾಕಿದರೆ ಕರಗಿ ಜೆಟ್ಟಿಗೆ ಬರುತ್ತದೆ.

ಕರೆಂಟು

ಗಾಡಿ 4,000 ಆರ್‌ಪಿಎಂನಲ್ಲಿರುವಾಗ ಬ್ಯಾಟರಿ ತುದಿಗಳಲ್ಲಿ 13.8ರಿಂದ 14.5 ವೋಲ್ಟ್ ಇರಬೇಕು. 13ರ ಆಸುಪಾಸಿನಲ್ಲೇ ನಿಂತರೆ, 15 ದಾಟಿದರೆ, ರೆಗ್ಯುಲೇಟರ್ ಅಥವಾ ಅದರ ಕನೆಕ್ಟರ್ ಹಾಳಾಗಿದೆ. ಆಲ್ಟರ್ನೇಟರಿನಿಂದ ಬರುವ ಎರಡು ಹಳದಿ ವಯರುಗಳ ಕನೆಕ್ಟರ್ ಮೊದಲು ನೋಡಿ. ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಕರಗಿದ್ದರೆ ಕತ್ತರಿಸಿ ಬೆಸುಗೆ ಹಾಕಿ. ಎಂಜಿನ್ ಆಫ್ ಮಾಡಿ ಕನೆಕ್ಟರ್ ಬಿಚ್ಚಿ ಹಳದಿ ವಯರಿಗೂ ಎಂಜಿನ್ ಲೋಹಕ್ಕೂ ಕಂಟಿನ್ಯೂಟಿ ನೋಡಿ. ಬೀಪ್ ಅಂದರೆ ಸ್ಟೇಟರ್ (ಆಲ್ಟರ್ನೇಟರಿನ ತಂತಿ ಸುರುಳಿ) ಸುಟ್ಟಿದೆ. ರೆಗ್ಯುಲೇಟರ್ ಸಾಯುವುದು ಶಾಖಕ್ಕೆ. ಗಾಳಿ ತಾಗುವ ಜಾಗದಲ್ಲಿ ಕೂರಿಸಿ, ಅದರ ಮೈಯಿಂದ ಬ್ಯಾಟರಿಯ ನೆಗೆಟಿವ್‌ಗೆ ಪ್ರತ್ಯೇಕ ಅರ್ಥ್ ವಯರ್ ಎಳೆಯಿರಿ.

ಬಿಸಿ ಎಂಜಿನ್ ಸ್ಟಾರ್ಟ್ ಆಗಲು ತಿಣುಕುವುದು ಬಹಳ ಸಲ ಬ್ಯಾಟರಿಯ ತಪ್ಪಲ್ಲ. ಬ್ಯಾಟರಿಯಿಂದ ಸೊಲೆನಾಯ್ಡ್, ಅಲ್ಲಿಂದ ಸ್ಟಾರ್ಟರ್, ಎಂಜಿನ್ನಿನಿಂದ ನೆಗೆಟಿವ್, ಈ ಮೂರು ಕೇಬಲ್ ತೆಳ್ಳಗಿವೆ, ವಯಸ್ಸಾದಂತೆ ಒಳಗೆ ಹಸಿರು ಕಿಲುಬು ಹಿಡಿಯುತ್ತದೆ. ಮೂರನ್ನೂ ದಪ್ಪ ತಾಮ್ರದ ಕೇಬಲಿಗೆ ಬದಲಿಸಿದರೆ ಬೇರೆಯೇ ಗಾಡಿ ಅನ್ನಿಸುತ್ತದೆ. ಇಡೀ ಗಾಡಿಗೆ ಖರ್ಚು ಮಾಡುವ ಹಣದಲ್ಲಿ ಇಷ್ಟು ಫಲ ಕೊಡುವುದು ಇನ್ನೊಂದಿಲ್ಲ. ಬ್ಯಾಟರಿ ವೈಬಿ16ಎಎಲ್-ಎ2, ಪ್ಲಗ್ ಎನ್‌ಜಿಕೆ ಡಿಸಿಪಿಆರ್8ಇ.

ಡ್ರೈ ಕ್ಲಚ್

ನ್ಯೂಟ್ರಲ್‌ನಲ್ಲಿ ಬಲಬದಿಯಿಂದ ಬರುವ ಖಣಖಣ ಸದ್ದು ರೋಗವಲ್ಲ, ಒಣ ಪ್ಲೇಟುಗಳ ಸಹಜ ಸದ್ದು. ಕ್ಲಚ್ ಬಿಡುವಾಗ ಗಾಡಿ ನಡುಗಿದರೆ, ಜಾರಿದರೆ ನೋಡಬೇಕು. ಕವರ್ ತೆಗೆದು, ಆರು ಸ್ಪ್ರಿಂಗ್ ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ, ಪ್ಲೇಟುಗಳ ಕ್ರಮವನ್ನು ಫೋಟೋ ತೆಗೆದು ಒಂದೊಂದಾಗಿ ಹೊರತೆಗೆಯಿರಿ. ಕಪ್ಪು ಪುಡಿಯನ್ನು ಊದಬೇಡಿ, ಮಾಸ್ಕ್ ಹಾಕಿ ಕ್ಲೀನರಿನಿಂದ ತೊಳೆಯಿರಿ. ಸ್ಟೀಲ್ ಪ್ಲೇಟನ್ನು ಗಾಜಿನ ಮೇಲಿಟ್ಟು ಬಗ್ಗಿದೆಯೇ ನೋಡಿ. ಬಾಸ್ಕೆಟ್ಟಿನ ಹಲ್ಲುಗಳಲ್ಲಿ ಆಳವಾದ ಕಚ್ಚು ಬಿದ್ದಿದ್ದರೆ ಹೊಸ ಪ್ಲೇಟ್ ಹಾಕಿದರೂ ಪ್ರಯೋಜನವಿಲ್ಲ.

ಲಿವರ್ ಮೆತ್ತಗಾಗಿ ನ್ಯೂಟ್ರಲ್ ಸಿಗುತ್ತಿಲ್ಲವೇ? ಲಿವರಿನ ಒತ್ತಡವನ್ನು ಕ್ಲಚ್ಚಿಗೆ ಮುಟ್ಟಿಸುವ, ಎಡಬದಿಯ ಮುಂದಿನ ಸ್ಪ್ರಾಕೆಟ್ ಹತ್ತಿರ ಇರುವ ಸ್ಲೇವ್ ಸಿಲಿಂಡರ್ ಸೀಲ್ ಸೋರುತ್ತಿದೆ. ಈ ಗಾಡಿಗಳಲ್ಲಿ ಇದು ಬಹಳ ಸಾಮಾನ್ಯ. ಸೀಲ್ ಬದಲಿಸಿ, ಡಾಟ್ 4 ಬ್ರೇಕ್ ಆಯಿಲ್ ಹಾಕಿ ಗಾಳಿ ತೆಗೆಯಿರಿ. ದೊಡ್ಡ ಪಿಸ್ಟನ್ನಿನ ಸ್ಲೇವ್ ಹಾಕಿದರೆ ಲಿವರ್ ಹಗುರಾಗುತ್ತದೆ, ಆದರೆ ಪ್ಲೇಟುಗಳು ಬಿಡಿಸಿಕೊಳ್ಳುವ ದೂರವೂ ಕಡಿಮೆಯಾಗುತ್ತದೆ.

ಚೈನ್, ಬ್ರೇಕ್, ಟೈರ್

ಚೈನನ್ನು ಅತಿ ಬಿಗಿಯಾಗುವ ಜಾಗದಲ್ಲಿ, ಒಬ್ಬರನ್ನು ಗಾಡಿಯ ಮೇಲೆ ಕೂರಿಸಿ ನೋಡಿ. ಆಗಲೂ ಸಡಿಲ ಉಳಿಯಬೇಕು. ಬ್ರೇಕ್ ಮತ್ತು ಕ್ಲಚ್ ಎರಡರ ಡಾಟ್ 4 ಆಯಿಲನ್ನೂ 2 ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ಮೂಲ ರಬ್ಬರ್ ಬ್ರೇಕ್ ಪೈಪು ಇನ್ನೂ ಇದ್ದರೆ ಸ್ಟೀಲ್ ಹೆಣಿಗೆಯ ಪೈಪು ಹಾಕಿ. 320 ಮಿ.ಮೀ. ಡಿಸ್ಕಿಗೆ ಬ್ರೆಂಬೊ ಕ್ಯಾಲಿಪರ್ ಇದ್ದೂ ಬ್ರೇಕ್ ಸಪ್ಪೆ ಅನ್ನಿಸುವುದು ಉಬ್ಬುವ ಹಳೆಯ ಪೈಪಿನಿಂದ. ಟೈರ್ ಮುಂದೆ 120/70-17, ಹಿಂದೆ 170/60-17. ಇನ್ನೂ ಅಗಲದ್ದು ಹಾಕುವ ಆಸೆ ಬೇಡ, ಗಾಡಿ ಬಾಗಲು ಸೋಮಾರಿಯಾಗುತ್ತದೆ. ಪಕ್ಕದ ಗೋಡೆಯ ನಾಲ್ಕಂಕಿಯ ಕೋಡಿನಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. ಗೆರೆ ತುಂಬಾ ಉಳಿದಿದ್ದರೂ ರಬ್ಬರ್ ಗಟ್ಟಿಯಾದ ಟೈರ್ ಒದ್ದೆ ರಸ್ತೆಯಲ್ಲಿ ಹಿಡಿಯುವುದಿಲ್ಲ.

ಶೋವಾ ಸಸ್ಪೆನ್ಷನ್ನಿಗೆ ಮೊದಲು ಬೇಕಾದ್ದು ಹೊಸ ಫೋರ್ಕ್ ಆಯಿಲ್ ಮತ್ತು ನಿಮ್ಮ ತೂಕಕ್ಕೆ ತಕ್ಕ ಪ್ರೀಲೋಡ್ (ಸ್ಪ್ರಿಂಗನ್ನು ಮೊದಲೇ ಅಮುಕಿಡುವ ಪ್ರಮಾಣ). ಸವಾರಿ ಉಡುಪಿನಲ್ಲಿ ಕೂತಾಗ ಮುಂದೆ 30–35, ಹಿಂದೆ 30 ಮಿ.ಮೀ. ಆಸುಪಾಸು ತಗ್ಗುವಂತೆ ಮಾಡಿ.

ಏನು ಸೇರಿಸಬಹುದು

ಮುಂದಿನ ಸ್ಪ್ರಾಕೆಟ್ 15 ಹಲ್ಲಿನದರ ಬದಲು 14ರದ್ದು. ಊರೊಳಗಿನ ಜಗ್ಗಾಟ ಗಮನಕ್ಕೆ ಬರುವಷ್ಟು ಇಳಿಯುತ್ತದೆ. ಬ್ಯಾಟರಿ ಚಾರ್ಜರಿನ ಖಾಯಂ ವಯರ್. ಟ್ಯಾಂಕ್ ಉಕ್ಕಿನದಾದ್ದರಿಂದ ಅಯಸ್ಕಾಂತದ ಟ್ಯಾಂಕ್ ಬ್ಯಾಗ್ ಚೆನ್ನಾಗಿ ಕೂರುತ್ತದೆ, ಅಡಿಯಲ್ಲಿ ಮೆತ್ತನೆ ಬಟ್ಟೆ ಇರಲಿ. ಇಕ್ಕೆಲದ ಬಟ್ಟೆಚೀಲ ಕಟ್ಟುವವರು ಸೈಲೆನ್ಸರಿಗೆ ತಾಗದಂತೆ ಶಾಖ ತಡೆಯುವ ಹಾಳೆ ಹಾಕಿ. ಬಹಳಷ್ಟು ಗಾಡಿಗಳ ಸೈಡ್ ಸ್ಟ್ಯಾಂಡ್ ಭಾರ ಬಿಟ್ಟ ಕೂಡಲೇ ತಾನಾಗಿ ಮಡಚಿಕೊಳ್ಳುತ್ತದೆ. ಇಳಿಜಾರಿನಲ್ಲಿ ನಿಲ್ಲಿಸಿ ಸೀಟು ತಳ್ಳಿದರೆ ಗಾಡಿ ನೆಲಕ್ಕೆ. ಮಡಚದ ಸ್ಟ್ಯಾಂಡ್ ಹಾಕಿಸುವುದಾದರೆ ಇಗ್ನಿಷನ್ ಕಟ್ ಮಾಡುವ ಸ್ವಿಚ್ಚೂ ಜೊತೆಗಿರಲಿ, ಇಲ್ಲದಿದ್ದರೆ ಇಳಿಬಿಟ್ಟ ಸ್ಟ್ಯಾಂಡಿನಲ್ಲೇ ಹೊರಡುವ ಅಪಾಯ.

ಓಡಿಸುವ ರೀತಿ

ಸ್ಟಾರ್ಟ್ ಮಾಡಿ ಚೋಕ್‌ನಲ್ಲಿ ಹತ್ತು ನಿಮಿಷ ನಿಲ್ಲಿಸಬೇಡಿ. ಅರ್ಧ ನಿಮಿಷಕ್ಕೆ ಹೊರಟು, ಮೊದಲ ಕೆಲವು ಕಿ.ಮೀ. 4,000 ಆರ್‌ಪಿಎಂ ದಾಟಿಸದೆ ಹೋಗಿ. ಬಿಸಿಯಾದ ಮೇಲೆ 3,000ದ ಕೆಳಗೆ ಎತ್ತರದ ಗೇರಿನಲ್ಲಿ ಥ್ರಾಟಲ್ ತಿರುವಬೇಡಿ. ಎರಡು ದೊಡ್ಡ ಪಿಸ್ಟನ್ನಿನ ಹೊಡೆತ ಚೈನನ್ನು ಜಗ್ಗುತ್ತದೆ. ಒಂದು ಗೇರ್ ಇಳಿಸಿ. 3,000ದಿಂದ 7,000ದವರೆಗಿನ ಎಳೆತವೇ ಈ ಎಂಜಿನ್ನಿನ ಸೊಗಸು. ಕೊನೆಯ ಆರ್‌ಪಿಎಂವರೆಗೆ ಕಿರುಚಿಸಿದರೆ ಸಿಗುವುದು ಸದ್ದು ಮಾತ್ರ.

ಸಿಗ್ನಲ್ಲಿನಲ್ಲಿ ಗಾಡಿ ಪೂರ್ತಿ ನಿಲ್ಲುವ ಮೊದಲೇ ನ್ಯೂಟ್ರಲ್‌ಗೆ ಹಾಕಿ, ನಿಂತ ಮೇಲೆ ಹುಡುಕುವುದು ಕಷ್ಟ. ಅರ್ಧ ಕ್ಲಚ್ಚಿನಲ್ಲಿ ತೆವಳಬೇಡಿ, ಒಣ ಪ್ಲೇಟಿಗೆ ಅದರಷ್ಟು ಹಾನಿ ಬೇರೇನಿಲ್ಲ. ಟ್ರಾಫಿಕ್ ನಿಮಿಷಗಟ್ಟಲೆ ನಿಂತರೆ ಎಂಜಿನ್ ಆಫ್ ಮಾಡಿ, ಇದು ತಣಿಯುವುದು ಓಡುವ ಗಾಳಿಗೆ.

ತಿರುವಿನಲ್ಲಿ ಈ ಗಾಡಿ ಅವಸರದ್ದಲ್ಲ. ತಿರುವಿಗೆ ಮೊದಲೇ ಬ್ರೇಕ್ ಮುಗಿಸಿ, ಒಳಗಿನ ಹ್ಯಾಂಡಲನ್ನು ಸ್ಪಷ್ಟವಾಗಿ ತಳ್ಳಿ, ಆಮೇಲೆ ಥ್ರಾಟಲ್ಲನ್ನು ಸ್ವಲ್ಪ ತೆರೆದು ಹಿಡಿದರೆ ಗೆರೆ ಎಳೆದಂತೆ ಹೋಗುತ್ತದೆ. ನಡುವೆ ಥ್ರಾಟಲ್ ಮುಚ್ಚಿದರೆ ಎಂಜಿನ್ ಬ್ರೇಕಿಂಗ್ ಜೋರಾಗಿ ಗಾಡಿ ನೆಟ್ಟಗಾಗುತ್ತದೆ. ಮೈಭಾರವನ್ನು ಅಂಗೈ ಮೇಲೆ ಹಾಕದೆ ಮೊಣಕಾಲಿನಿಂದ ಟ್ಯಾಂಕ್ ಒತ್ತಿ ಹಿಡಿಯಿರಿ. ಹ್ಯಾಂಡಲ್ ತಿರುಗುವುದು ಬಹಳ ಕಡಿಮೆಯಾದ್ದರಿಂದ ಕಿರಿದಾದ ರಸ್ತೆಯಲ್ಲಿ ಯೂ ಟರ್ನ್ ಬೇಡ, ಇಳಿದು ತಳ್ಳಿ ತಿರುಗಿಸಿ.

ತಿಂಗಳುಗಟ್ಟಲೆ ನಿಲ್ಲಿಸುವಾಗ

ನಿಲ್ಲಿಸುವ ಮೊದಲೇ ಆಯಿಲ್ ಬದಲಿಸಿ, ಬಳಸಿದ ಆಯಿಲಿನ ಆಮ್ಲ ಬೇರಿಂಗುಗಳ ಮೇಲೆ ಕೂರುವುದು ತಪ್ಪುತ್ತದೆ. ಟ್ಯಾಂಕನ್ನು ಕತ್ತಿನವರೆಗೆ ತುಂಬಿಸಿ ಸ್ಟೆಬಿಲೈಸರ್ ಹಾಕಿ, ಐದು ನಿಮಿಷ ಓಡಿಸಿ, ಆಮೇಲೆ ಎರಡೂ ಕಾರ್ಬಿನ ಫ್ಲೋಟ್ ಬೌಲ್ ಡ್ರೈನ್ ಸ್ಕ್ರೂ ತೆರೆದು ಖಾಲಿ ಮಾಡಿ. ಬ್ಯಾಟರಿಯನ್ನು ಮೇಂಟೆನರ್ ಚಾರ್ಜರಿಗೆ ಜೋಡಿಸಿ. ಎರಡೂ ಚಕ್ರ ನೆಲದಿಂದ ಎತ್ತಿಡಿ. ವಾರಕ್ಕೊಮ್ಮೆ ಎರಡು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವ ಅಭ್ಯಾಸ ಬಿಡಿ. ಅಷ್ಟರಲ್ಲಿ ಎಂಜಿನ್ ಬಿಸಿಯಾಗುವುದಿಲ್ಲ, ಒಳಗಿನ ತೇವ ಆರುವುದಿಲ್ಲ, ಬ್ಯಾಟರಿಯೂ ಇಳಿಯುತ್ತದೆ. ಅದರ ಬದಲು ತಿಂಗಳಿಗೊಮ್ಮೆ ಪ್ಲಗ್ ತೆಗೆದು, ಆರನೇ ಗೇರಿನಲ್ಲಿ ಹಿಂದಿನ ಚಕ್ರವನ್ನು ಮುಂದಕ್ಕೆ ನಾಲ್ಕಾರು ಸುತ್ತು ತಿರುಗಿಸಿ ಬೇರೆ ಜಾಗದಲ್ಲಿ ನಿಲ್ಲಿಸಿ. ಬೆಲ್ಟು ಒಂದೇ ಬಾಗಿನಲ್ಲಿ ಕೂರುವುದಿಲ್ಲ, ತೆರೆದ ವಾಲ್ವಿನ ಮೂಲಕ ತೇವ ಒಂದೇ ಸಿಲಿಂಡರಿಗೆ ಇಳಿಯುವುದಿಲ್ಲ.